ಪಾದ, ಕಣಕಾಲಿನ ಬಿಡದ ನೋವು: ಸ್ಪೆಕ್ಟ್-ಸಿಟಿಯಿಂದ ಮೂಲ ಹುಡುಕುವ ಕೈಪಿಡಿ

ಒಂದು ವರ್ಷದ ಹಿಂದೆ ಕಾಲು ಉಳುಕಿತ್ತು. ಊತ ಇಳಿಯಿತು, ನೋವು ಮಾತ್ರ ಹೋಗಲಿಲ್ಲ. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದರೆ ವರದಿಯಲ್ಲಿ ಐದು ಸಾಲು ಬಂತು. ಕಣಕಾಲಿನ ಟೇಲಸ್ ಎಂಬ ಮೂಳೆಯ ಮೇಲ್ಭಾಗದಲ್ಲಿ ಸಣ್ಣ ಗಾಯ. ಅದರ ಕೆಳಗಿನ ಕೀಲಿನಲ್ಲಿ ಸ್ವಲ್ಪ ಸವೆತ. ಮೂಳೆಗೆ ಮೂಳೆ ಕಟ್ಟುವ ಒಂದು ಲಿಗಮೆಂಟ್ ದಪ್ಪಗಾಗಿದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಒಂದು ಟೆಂಡನ್ ಸುತ್ತ ನೀರು ತುಂಬಿದೆ. ಹಿಂಬದಿಯಲ್ಲಿ ಒಂದು ಹೆಚ್ಚುವರಿ ಮೂಳೆ ಇದೆ. ಐದೂ ನಿಜವೇ. ಆದರೆ ನೋಯುತ್ತಿರುವುದು ಯಾವುದು?

ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಸ್ಕ್ಯಾನ್ ಓದುವವನು. ನನ್ನ ಮುಂದೆ ಬರುವ ಪಾದದ ಕೇಸುಗಳಲ್ಲಿ ಹೆಚ್ಚಿನವು ಇದೇ ಪ್ರಶ್ನೆ ಹೊತ್ತು ಬರುತ್ತವೆ. ಮೂಳೆಯ ಚಟುವಟಿಕೆಯ ಚಿತ್ರವನ್ನೂ ಸಿಟಿ ಚಿತ್ರವನ್ನೂ ಒಂದರ ಮೇಲೊಂದು ಕೂರಿಸುವ ಸ್ಪೆಕ್ಟ್-ಸಿಟಿ ಸ್ಕ್ಯಾನ್ ಇದಕ್ಕೆ ಒಳ್ಳೆಯ ಉತ್ತರ ಕೊಡಬಲ್ಲದು. ಅದಕ್ಕೆ ಒಂದು ಷರತ್ತು ಇದೆ: ರೋಗಿ ಬೆರಳಿಟ್ಟು ತೋರಿಸಿದ ಜಾಗವೂ ಸ್ಕ್ಯಾನ್ ತೋರಿಸಿದ ಜಾಗವೂ ಒಂದೇ ಆಗಿರಬೇಕು. ಈ ಬರಹದಲ್ಲಿರುವ ಎಲ್ಲ ಹೆಜ್ಜೆಗಳೂ ಕೊನೆಗೆ ಅದನ್ನೇ ಪರೀಕ್ಷಿಸುತ್ತವೆ.

ಮೊದಲು ಬೆರಳು, ಆಮೇಲೆ ಯಂತ್ರ

"ಎಲ್ಲಿ ನೋವು?" ಎಂದರೆ ಹೆಚ್ಚಿನವರು ಇಡೀ ಪಾದದ ಮೇಲೆ ಅಂಗೈ ಆಡಿಸುತ್ತಾರೆ. "ಒಂದೇ ಬೆರಳಲ್ಲಿ ತೋರಿಸಿ" ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಹೊರಗಿನ ಗಿಣ್ಣಿನ ಕೆಳಗಿನ ಗುಳಿಯಲ್ಲಿ ಬೆರಳಿಟ್ಟರೆ ಅದು ಬೇರೆ ಕೀಲು. ಗಿಣ್ಣಿನ ಮುಂದೆ ಇಟ್ಟರೆ ಬೇರೆ ಕೀಲು. ಎರಡರ ನಡುವೆ ಅಂತರ ಎರಡು ಬೆರಳಿನಷ್ಟೂ ಇರುವುದಿಲ್ಲ. ಸಾಧ್ಯವಾದ ಕಡೆ ಆ ಜಾಗದಲ್ಲಿ ಚರ್ಮದ ಮೇಲೆ ಸಿಟಿಯಲ್ಲಿ ಕಾಣುವಂಥ ಸಣ್ಣ ಗುರುತು ಅಂಟಿಸಿಯೇ ಸ್ಕ್ಯಾನ್ ಮಾಡಿ. ಎರಡು ನಿಮಿಷದ ಕೆಲಸ, ಆಮೇಲೆ ಎಷ್ಟೋ ಗೊಂದಲ ತಪ್ಪುತ್ತದೆ.

ನೋವು ಯಾವಾಗ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚುವುದು ಒಂದು ಬಗೆ. ಏರುತಗ್ಗಿನ ನೆಲದಲ್ಲಿ ನಡೆದಾಗ ಮಾತ್ರ ನೋಯುವುದು ಇನ್ನೊಂದು ಬಗೆ, ಅದು ಟೇಲಸ್ ಕೆಳಗಿನ ಸಬ್‌ಟೇಲರ್ ಕೀಲಿನ ಕಡೆ ಕೈ ತೋರಿಸುತ್ತದೆ. ಓಡಲು ಶುರು ಮಾಡಿದ ಮೇಲೆ ಏರುತ್ತಾ ಹೋಗಿ, ಕೂತರೆ ಇಳಿಯುವ ನೋವು ಒತ್ತಡದ ಬಿರುಕಿನ ಲಕ್ಷಣ. ರಾತ್ರಿ ಮಲಗಿದಾಗ ಜಾಸ್ತಿಯಾಗಿ, ಆಸ್ಪಿರಿನ್ ಜಾತಿಯ ಮಾತ್ರೆಗೆ ಚೆನ್ನಾಗಿ ತಗ್ಗುವ ನೋವು ಹದಿಹರೆಯದವರಲ್ಲಿ, ಯುವಕರಲ್ಲಿ ಕಂಡರೆ ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಸಣ್ಣ ಗಡ್ಡೆಯನ್ನು ನೆನಪಿಸಿಕೊಳ್ಳಬೇಕು. ಈ ವಿವರಗಳನ್ನು ಸ್ಕ್ಯಾನ್ ಕೋರಿಕೆ ಚೀಟಿಯಲ್ಲಿ ಬರೆಯಿರಿ. "ಪಾದ ನೋವು, ಸ್ಕ್ಯಾನ್ ಮಾಡಿ" ಎಂದಷ್ಟೇ ಬರೆದ ಚೀಟಿ ಹಿಡಿದು ಓದುವುದು ಕತ್ತಲಲ್ಲಿ ತಡಕಾಡಿದ ಹಾಗೆ.

ಎಲ್ಲ ನೋವಿಗೂ ಈ ಸ್ಕ್ಯಾನ್ ಬೇಕಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿನ್ನೆ ಮೊನ್ನೆ ಉಳುಕಿದ ಕಾಲಿಗೆ ಮೊದಲು ಬೇಕಾದದ್ದು ಕೈಯಿಂದ ಮುಟ್ಟಿ ನೋಡುವುದು. ಗಿಣ್ಣುಗಳ ಹಿಂಬದಿಯ ಅಂಚಿನಲ್ಲಿ ಕೆಳಗಿನ 6 ಸೆಂಟಿಮೀಟರ್ ಒಳಗೆ ಮೂಳೆ ಒತ್ತಿದರೆ ನೋವಿದೆಯಾ? ಕಿರುಬೆರಳಿನ ಸಾಲಿನ ಉದ್ದ ಮೂಳೆಯ ಬುಡದಲ್ಲಿ? ಪಾದದ ಒಳಬದಿಯ ನ್ಯಾವಿಕ್ಯುಲರ್ ಮೂಳೆಯ ಮೇಲೆ? ನಾಲ್ಕು ಹೆಜ್ಜೆ ಇಡಲು ಆಗುತ್ತದೆಯಾ? ಇವು ಒಟ್ಟಾವಾ ನಿಯಮದ ಪ್ರಶ್ನೆಗಳು. ಎಕ್ಸ್-ರೇ ಬೇಕೋ ಬೇಡವೋ ಎಂದು ಇವುಗಳಿಂದಲೇ ತೀರ್ಮಾನ ಆಗುತ್ತದೆ. ಲಿಗಮೆಂಟ್, ಟೆಂಡನ್, ನರದ ತೊಂದರೆ ಅನ್ನಿಸಿದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮುಂದಿನ ಹೆಜ್ಜೆ. ಸ್ಪೆಕ್ಟ್-ಸಿಟಿಯ ಸರದಿ ಬರುವುದು ಮೂರು ಸಂದರ್ಭದಲ್ಲಿ: ನೋವು ಹಳೆಯದಾಗಿದ್ದು ಬೇರೆ ಚಿತ್ರಗಳು ಏನೂ ಹೇಳದಿದ್ದಾಗ, ಬೇರೆ ಚಿತ್ರಗಳು ಹಲವು ಉತ್ತರ ಕೊಟ್ಟಾಗ, ಅಥವಾ ಪಾದದೊಳಗೆ ಸ್ಕ್ರೂ ಪ್ಲೇಟ್ ಇದ್ದು ಎಂಆರ್‌ಐ ಮಸುಕಾದಾಗ.

ಯಂತ್ರ ನಿಜವಾಗಿ ಹೇಳುವುದೇನು

ಕೈಯ ರಕ್ತನಾಳಕ್ಕೆ ಟೆಕ್ನೀಷಿಯಮ್-99ಎಂ ಸೇರಿಸಿದ ಎಂಡಿಪಿ ಎಂಬ ಮದ್ದು ಕೊಡುತ್ತಾರೆ. ಮೂಳೆ ಎಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತಿದೆಯೋ ಅಲ್ಲಿನ ಖನಿಜಕ್ಕೆ ಈ ಮದ್ದು ಹೋಗಿ ಅಂಟಿಕೊಳ್ಳುತ್ತದೆ. ಟೆಕ್ನೀಷಿಯಮ್ 140 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣ ಬಿಡುತ್ತದೆ. ಗಾಮಾ ಕ್ಯಾಮೆರಾ ಪಾದದ ಸುತ್ತ ತಿರುಗಿ ಆ ಕಿರಣ ಹಿಡಿದರೆ ಮೂರು ಆಯಾಮದ ಸ್ಪೆಕ್ಟ್ ಚಿತ್ರ ಸಿಗುತ್ತದೆ. ಅದೇ ಮೇಜಿನ ಮೇಲೆ, ಕಾಲು ಕದಲಿಸದೆ ಸಿಟಿ ತೆಗೆದು, ಎರಡನ್ನೂ ಒಂದರ ಮೇಲೊಂದು ಕೂರಿಸುವುದೇ ಸ್ಪೆಕ್ಟ್-ಸಿಟಿ. ಇಂಥ ಜೋಡಿ ಯಂತ್ರ ಮಾರುಕಟ್ಟೆಗೆ ಬಂದದ್ದು 1999ರಲ್ಲಿ.

ಈ ಜೋಡಿ ಪಾದಕ್ಕೇ ಹೇಳಿ ಮಾಡಿಸಿದಂತಿದೆ. ಒಂದು ಪಾದದಲ್ಲಿ 26 ಮೂಳೆಗಳು. ಮಧ್ಯ ಪಾದದ ಮೂಳೆಗಳಂತೂ ಒಂದಕ್ಕೊಂದು ಒತ್ತಿಕೊಂಡು ಕೂತಿವೆ. ಸ್ಪೆಕ್ಟ್‌ಗೆ ಸುಮಾರು ಒಂದು ಸೆಂಟಿಮೀಟರ್‌ಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸುವುದು ಕಷ್ಟ. ಹಾಗಾಗಿ ಸಿಟಿ ಇಲ್ಲದ ಹಳೆಯ ಬೋನ್ ಸ್ಕ್ಯಾನ್ ವರದಿಗಳಲ್ಲಿ "ಮಧ್ಯ ಪಾದದಲ್ಲಿ ಮದ್ದು ಜಾಸ್ತಿ ಹಿಡಿದಿದೆ" ಎಂದಷ್ಟೇ ಬರುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡುವವರಿಗೆ ಅದು ಸಾಲದು. ಅವರಿಗೆ ಯಾವ ಕೀಲು ಎಂಬುದು ಬೇಕು. ಸಿಟಿ ಆ ವಿಳಾಸ ಕೊಡುತ್ತದೆ.

ಒಂದು ಎಚ್ಚರಿಕೆ. ಮಿನುಗುವ ಚುಕ್ಕೆ ಎಂದರೆ "ಇಲ್ಲಿ ಮೂಳೆ ಕೆಲಸ ಮಾಡುತ್ತಿದೆ" ಎಂದಷ್ಟೇ. ಮುರಿತ, ಸವೆತ, ಸೋಂಕು, ಗಡ್ಡೆ, ಮೊನ್ನೆಯ ಆಪರೇಷನ್, ಕುಂಟಿ ನಡೆದದ್ದು, ಎಲ್ಲವೂ ಮಿನುಗುತ್ತವೆ. ಯಾಕೆ ಎಂಬುದನ್ನು ಸಿಟಿಯ ಆಕಾರ ನೋಡಿ, ರೋಗಿಯ ಕಥೆ ಕೇಳಿ ತಿಳಿಯಬೇಕು.

ಮೂರು ಹಂತವನ್ನೂ ತೆಗೆಸಿ

ಪಾದದ ನೋವಿಗೆ ಬರೀ ಕೊನೆಯ ಚಿತ್ರ ತೆಗೆದರೆ ಅರ್ಧ ಮಾಹಿತಿ ಕಳೆದುಕೊಂಡಂತೆ. ಮದ್ದು ಕೊಡುವಾಗಲೇ ಪಾದ ಕ್ಯಾಮೆರಾ ಕೆಳಗೆ ಇರಬೇಕು. ಮೊದಲ ಒಂದು ನಿಮಿಷ ರಕ್ತ ಹರಿದು ಬರುವುದು ಕಾಣುತ್ತದೆ. ಮುಂದಿನ ಹತ್ತು ನಿಮಿಷದೊಳಗೆ ತೆಗೆಯುವ ಚಿತ್ರದಲ್ಲಿ ಮಾಂಸ, ಟೆಂಡನ್, ಕೀಲಿನ ಪೊರೆಯಲ್ಲಿ ನಿಂತ ರಕ್ತ ಕಾಣುತ್ತದೆ. ಎರಡರಿಂದ ನಾಲ್ಕು ಗಂಟೆ ಬಿಟ್ಟು ತೆಗೆಯುವುದು ಮೂಳೆಯ ಚಿತ್ರ. ಸ್ಪೆಕ್ಟ್-ಸಿಟಿ ಆಗುವುದು ಸಾಮಾನ್ಯವಾಗಿ ಈ ಕೊನೆಯ ಹಂತದಲ್ಲಿ.

ಮೂರೂ ಹಂತದಲ್ಲಿ ಒಂದೇ ಜಾಗ ಮಿನುಗಿದರೆ ಹೊಸ ಮುರಿತ, ಸೋಂಕು, ಜೋರಾದ ಉರಿಯೂತ, ಇವುಗಳ ಕಡೆ ಯೋಚಿಸಿ. ಮೊದಲೆರಡು ಹಂತ ಮಿನುಗಿ ಮೂಳೆ ತಣ್ಣಗಿದ್ದರೆ ತೊಂದರೆ ಮೂಳೆಯ ಹೊರಗಿದೆ: ಟೆಂಡನ್ ಪೊರೆಯ ಉರಿಯೂತ, ಚರ್ಮದಡಿಯ ಸೋಂಕು. ಕೊನೆಯ ಹಂತ ಮಾತ್ರ ಮಿನುಗಿದರೆ ಅದು ನಿಧಾನದ ಕಾಯಿಲೆ. ಕೀಲು ಸವೆತದಲ್ಲಿ, ಮಾಗುತ್ತಾ ಬಂದ ಹಳೆಯ ಮುರಿತದಲ್ಲಿ ಹೀಗಾಗುತ್ತದೆ.

ಜಾಗ ಹಿಡಿದು ಹುಡುಕುವುದು

ಕಣಕಾಲಿನ ಕೀಲಿನಿಂದ ಶುರು ಮಾಡೋಣ. ಟೇಲಸ್ ಮೇಲ್ಭಾಗದ ಗಾಯದಲ್ಲಿ ಮೆದುಮೂಳೆಯೂ ಅದರ ಕೆಳಗಿನ ಮೂಳೆಯೂ ಒಟ್ಟಿಗೆ ಹಾಳಾಗಿರುತ್ತವೆ. ಹೊರಬದಿಯ ಗಾಯ ಸಾಮಾನ್ಯವಾಗಿ ತೆಳು, ಪೆಟ್ಟಿನ ನೆನಪು ಇರುತ್ತದೆ. ಒಳಬದಿಯದು ಆಳ, ಎಷ್ಟೋ ಬಾರಿ ಯಾವ ಪೆಟ್ಟೂ ನೆನಪಿರುವುದಿಲ್ಲ. ಎಂಆರ್‌ಐಯಲ್ಲಿ ಗಾಯದ ಸುತ್ತ ಮಜ್ಜೆಯ ನೀರು ಹರಡಿ ಗಾಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣಬಹುದು. ಸಿಟಿಯಲ್ಲಿ ಮೂಳೆಯ ತಟ್ಟೆ ಎಲ್ಲಿ ಒಡೆದಿದೆ, ಕೆಳಗೆ ಗುಳ್ಳೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಖಚಿತವಾಗಿ ಕಾಣುತ್ತದೆ. ಸ್ಪೆಕ್ಟ್ ಆ ಗಾಯ ಈಗ ಜೀವಂತವಾಗಿದೆಯೋ ಇಲ್ಲವೋ ಹೇಳುತ್ತದೆ. ಹಳೆಯ, ತಣ್ಣಗಿನ ಗಾಯವನ್ನು ಈಗಿನ ನೋವಿಗೆ ಹೊಣೆ ಮಾಡುವ ಮೊದಲು ನಾನು ಎರಡು ಬಾರಿ ಯೋಚಿಸುತ್ತೇನೆ.

ಮೊದಲಿಗೆ ಹೇಳಿದ ಐದು ಸಾಲಿನ ವರದಿ ನನ್ನ ಬಳಿಗೆ ಬಂದ ಕೇಸೇ. ಟೇಲಸ್ ಗಾಯಕ್ಕೆ ಆಪರೇಷನ್ ಮಾಡುವುದೆಂದು ಮಾತಾಗಿತ್ತು. ಆಕೆ ಬೆರಳಿಟ್ಟದ್ದು ಮಾತ್ರ ಹೊರಗಿನ ಗಿಣ್ಣಿನ ಕೆಳಗೆ, ಸ್ವಲ್ಪ ಹಿಂದೆ. ಸ್ಕ್ಯಾನ್‌ನಲ್ಲಿ ಟೇಲಸ್ ಮೇಲಿನ ಗಾಯ ಹೆಚ್ಚುಕಡಿಮೆ ತಣ್ಣಗಿತ್ತು. ಸಬ್‌ಟೇಲರ್ ಕೀಲಿನ ಹಿಂಭಾಗ ಉರಿಯುತ್ತಿತ್ತು, ಸಿಟಿಯಲ್ಲಿ ಆ ಕೀಲಿನ ಅಂಚು ಒರಟಾಗಿತ್ತು. ಬೆರಳು ಮೊದಲೇ ಸರಿಯಾದ ಕೀಲನ್ನು ತೋರಿಸಿತ್ತು. ಆ ದಿನದಿಂದ ನಾನು ರೋಗಿಯ ಬೆರಳು ನೋಡದೆ ವರದಿ ಬರೆಯುವುದಿಲ್ಲ.

ಕಣಕಾಲಿನ ಹಿಂದೆ ನೋವಿದ್ದು, ಪಾದವನ್ನು ಕೆಳಕ್ಕೆ ಚಾಚಿದಾಗ ಜಾಸ್ತಿಯಾದರೆ ಆಸ್ ಟ್ರೈಗೋನಮ್ ನೋಡಿ. ಟೇಲಸ್ ಹಿಂದೆ ಕೆಲವರಿಗೆ ಇರುವ ಸಣ್ಣ ಬಿಡಿ ಮೂಳೆ ಇದು. ತುದಿಗಾಲಲ್ಲಿ ಕುಣಿಯುವವರಲ್ಲಿ, ಚೆಂಡು ಒದೆಯುವವರಲ್ಲಿ ಅದು ಹಿಮ್ಮಡಿ ಮೂಳೆಗೂ ಕಣಕಾಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಆ ಮೂಳೆ ಇದ್ದ ಮಾತ್ರಕ್ಕೆ ಅದೇ ಅಪರಾಧಿಯಲ್ಲ. ಟೇಲಸ್ ಜೊತೆ ಅದು ಸೇರುವ ಗೆರೆಯಲ್ಲೇ ಮದ್ದು ಹಿಡಿದಿರಬೇಕು.

ಒಳಬದಿಯಲ್ಲಿ ಹೆಚ್ಚುವರಿ ನ್ಯಾವಿಕ್ಯುಲರ್ ಕಥೆಯೂ ಇದೇ. ಅದರಲ್ಲಿ ಮೂರು ಬಗೆ. ಮೂಲ ಮೂಳೆಗೆ ಮೆದುಮೂಳೆಯ ಸೇತುವೆಯಿಂದ ಅಂಟಿಕೊಂಡಿರುವ ಎರಡನೆಯ ಬಗೆಯೇ ಹೆಚ್ಚಾಗಿ ನೋಯುವುದು. ಆ ಸೇತುವೆ ಮಿನುಗಿ, ಬೆರಳೂ ಅಲ್ಲೇ ಇದ್ದರೆ ಉತ್ತರ ಸಿಕ್ಕಿತು.

ಪದೇ ಪದೇ ಕಾಲು ಉಳುಕುವ, ಪಾದ ಬಿಗಿಯಾಗಿರುವ ಹದಿಹರೆಯದವರಲ್ಲಿ ಮೂಳೆಗಳ ಬೆಸುಗೆಯನ್ನು ಮರೆಯಬೇಡಿ. ಹಿಮ್ಮಡಿ ಮೂಳೆ ನ್ಯಾವಿಕ್ಯುಲರ್ ಜೊತೆಗೋ ಟೇಲಸ್ ಜೊತೆಗೋ ಸೇರಿಕೊಂಡಿರುತ್ತದೆ. ಹೆಚ್ಚುಕಡಿಮೆ ಎಲ್ಲ ಬೆಸುಗೆಗಳೂ ಈ ಎರಡರಲ್ಲಿ ಒಂದು. ಮೊದಲನೆಯದು 8ರಿಂದ 12 ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆ, ಎರಡನೆಯದು 12ರಿಂದ 16ರ ಹೊತ್ತಿಗೆ. ನೋವು ಶುರುವಾಗುವುದೂ ಆಗಲೇ. ಪೂರ್ತಿ ಮೂಳೆಯಾದ ಬೆಸುಗೆ ಸಿಟಿಯಲ್ಲೇ ಕಾಣುತ್ತದೆ. ನಾರಿನ ಬೆಸುಗೆ ಮೋಸ ಮಾಡುತ್ತದೆ: ಸಂದು ಕಿರಿದಾಗಿ ಅಂಚು ಒರಟಾಗಿರುತ್ತದೆ, ಅಷ್ಟೇ. ಆ ಒರಟು ಅಂಚಿನ ಮೇಲೆ ಮದ್ದು ಕೂತಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಮಧ್ಯ ಪಾದದಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ನ್ಯಾವಿಕ್ಯುಲರ್ ಬಿರುಕು. ಓಡುವವರು, ಜಿಗಿಯುವವರು ಪಾದದ ಮೇಲ್ಭಾಗದಲ್ಲಿ ಅಸ್ಪಷ್ಟ ನೋವು ಎನ್ನುತ್ತಾರೆ. ಎಕ್ಸ್-ರೇ ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ. ರಕ್ತ ಕಡಿಮೆ ಸಿಗುವ ನಡು ಭಾಗದಲ್ಲೇ ಈ ಬಿರುಕು ಬಿಡುತ್ತದೆ, ಅದಕ್ಕೇ ಮಾಗುವುದು ತಡ. ಇಡೀ ನ್ಯಾವಿಕ್ಯುಲರ್ ಮಿನುಗುತ್ತಿದ್ದರೆ ಸಿಟಿಯ ತೆಳು ಪದರಗಳಲ್ಲಿ ಮೇಲಂಚಿನ ನಡುವೆ ಸಣ್ಣ ಗೆರೆ ಇದೆಯಾ ಎಂದು ಹುಡುಕಿ. ಗೆರೆ ಇದ್ದರೆ ಆ ಪಾದದ ಮೇಲೆ ಭಾರ ಬೀಳುವುದು ಅಂದೇ ನಿಲ್ಲಬೇಕು.

ಹೆಚ್ಚಿನ ಒತ್ತಡದ ಬಿರುಕುಗಳಿಗೆ ಎಂಆರ್‌ಐಯೇ ಮೊದಲ ಆಯ್ಕೆ, ಅದರಲ್ಲಿ ವಿಕಿರಣವೂ ಇಲ್ಲ. ಎಂಆರ್‌ಐ ಮಾಡಲಾಗದವರಿಗೆ ಈ ಸ್ಕ್ಯಾನ್ ಇದೆ. ಬಿರುಕು ಎಕ್ಸ್-ರೇಯಲ್ಲಿ ಕಾಣಲು ವಾರಗಳೇ ಬೇಕಾಗಬಹುದು. ಬೋನ್ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಮೂರು ದಿನದೊಳಗೆ ಕಾಣುತ್ತದೆ.

ಮಧ್ಯ ಪಾದದ ಸವೆತದಲ್ಲಿ ಸ್ಪೆಕ್ಟ್-ಸಿಟಿಯ ಬೆಲೆ ಗೊತ್ತಾಗುತ್ತದೆ. ಸಿಟಿ ಒಂದರಲ್ಲೇ ನೋಡಿದರೆ ನಾಲ್ಕು ಕೀಲು ಸವೆದಿರುತ್ತವೆ. ಮಿನುಗುವುದು ಒಂದೋ ಎರಡೋ. ಆಪರೇಷನ್ ಮಾಡಿ ಎಲ್ಲವನ್ನೂ ಬೆಸೆದರೆ ಪಾದ ಹಲಗೆಯಂತಾಗುತ್ತದೆ. ನೋಯುವುದನ್ನಷ್ಟೇ ಆರಿಸಲು ಈ ಚಿತ್ರ ನೆರವಾಗುತ್ತದೆ.

ಹೆಬ್ಬೆರಳಿನ ಬುಡದ ಕೆಳಗೆ ಎರಡು ಸೆಸಮಾಯ್ಡ್ ಮೂಳೆಗಳಿವೆ, ಕಾಳಿನಷ್ಟು ಚಿಕ್ಕವು. ಒಳಬದಿಯದು ಕೆಲವರಲ್ಲಿ ಹುಟ್ಟಿನಿಂದಲೇ ಎರಡು ತುಂಡಾಗಿರುತ್ತದೆ. ಮುರಿದದ್ದೋ ಹುಟ್ಟಿನದ್ದೋ? ಅಂಚು ನುಣುಪಾಗಿ ಗುಂಡಗಿದ್ದರೆ, ಎರಡು ತುಂಡು ಸೇರಿಸಿದರೆ ಮಾಮೂಲಿಗಿಂತ ದೊಡ್ಡದಾಗುವಂತಿದ್ದರೆ ಹುಟ್ಟಿನದ್ದು. ಅಂಚು ಚೂಪಾಗಿದ್ದು, ಒಂದಕ್ಕೊಂದು ಸರಿಯಾಗಿ ಕೂರುವಂತಿದ್ದರೆ ಮುರಿತ. ಹುಟ್ಟಿನ ಗೆರೆಯೂ ಒತ್ತಡ ಬಿದ್ದು ನೋಯಬಹುದು, ಅದೂ ಮಿನುಗುತ್ತದೆ. ಹಾಗಾಗಿ ಮಿನುಗು ನೋಡಿ ಮುರಿತ ಎಂದು ಬರೆಯಬೇಡಿ, ಆಕಾರ ನೋಡಿ ಬರೆಯಿರಿ.

ಹಿಮ್ಮಡಿ ಬಗ್ಗೆ ಒಂದು ಮಾತು. ಎಕ್ಸ್-ರೇಯಲ್ಲಿ ಮುಳ್ಳಿನಂಥ ಮೂಳೆ ಕಂಡಾಕ್ಷಣ ಜನ ಅದನ್ನೇ ದೂರುತ್ತಾರೆ. ನೋವೇ ಇಲ್ಲದ ಎಷ್ಟೋ ಜನರಿಗೂ ಆ ಮುಳ್ಳು ಇರುತ್ತದೆ. ಅಂಗಾಲಿನ ನಾರುಪಟ್ಟಿ ಹಿಮ್ಮಡಿಗೆ ಅಂಟುವ ಒಳಬದಿಯ ಜಾಗ ಮಿನುಗಿದೆಯಾ ನೋಡಿ. ಎರಡೂ ಹಿಮ್ಮಡಿ ಮಿನುಗಿ, ರೋಗಿ ಚಿಕ್ಕ ವಯಸ್ಸಿನವರಾಗಿ, ಬೆಳಗ್ಗೆ ಸೊಂಟ ಹಿಡಿಯುತ್ತದೆ ಎಂದರೆ ಇಡೀ ಮೈಯ ಚಿತ್ರವನ್ನೂ ತೆಗೆಯಿರಿ. ಬೆನ್ನುಮೂಳೆ ಕೀಲುಗಳ ಉರಿಯೂತ ಎಷ್ಟೋ ಬಾರಿ ಹಿಮ್ಮಡಿಯಲ್ಲೇ ಮೊದಲು ಮುಖ ತೋರಿಸುತ್ತದೆ.

ಆಪರೇಷನ್ ಆದ ಪಾದ

ಲೋಹದ ಸುತ್ತ ಎಂಆರ್‌ಐ ಕಪ್ಪಾಗಿ ಕಲಸಿಹೋಗುತ್ತದೆ. ಸ್ಪೆಕ್ಟ್-ಸಿಟಿಗೆ ಅಷ್ಟು ತೊಂದರೆಯಿಲ್ಲ. ಸಿಟಿಯಲ್ಲಿ ಲೋಹದಿಂದ ಗೆರೆಗಳು ಬರುತ್ತವೆ, ಆ ಸಿಟಿಯನ್ನು ಆಧರಿಸಿ ಸಾಫ್ಟ್‌ವೇರ್ ಸ್ಪೆಕ್ಟ್ ಚಿತ್ರವನ್ನು ತಿದ್ದುವಾಗ ಲೋಹದ ಪಕ್ಕ ಸುಳ್ಳು ಮಿನುಗು ಹುಟ್ಟಬಹುದು. ಅನುಮಾನ ಬಂದಾಗ ತಿದ್ದುಪಡಿ ಇಲ್ಲದ ಸ್ಪೆಕ್ಟ್ ಚಿತ್ರವನ್ನೂ ತೆರೆದು ನೋಡಿ. ಅಲ್ಲಿ ಮಿನುಗು ಇಲ್ಲದಿದ್ದರೆ ನಂಬಬೇಡಿ.

ಕೀಲು ಬೆಸೆದ ಮೇಲೂ ನೋವಿದ್ದರೆ ಎರಡು ಪ್ರಶ್ನೆ. ಬೆಸುಗೆ ಕೂಡಿದೆಯಾ? ಪಕ್ಕದ ಕೀಲು ಹಾಳಾಗುತ್ತಿದೆಯಾ? ಬೆಸುಗೆಯ ಗೆರೆಯುದ್ದಕ್ಕೂ ಮದ್ದು ಹಿಡಿದು, ಸಿಟಿಯಲ್ಲಿ ಮೂಳೆಯ ಸೇತುವೆ ಕಾಣದಿದ್ದರೆ ಕೂಡಿಲ್ಲ. ಸೇತುವೆಯೂ ಇಲ್ಲ, ಮಿನುಗೂ ಇಲ್ಲ ಎಂದರೆ ಅದು ಇನ್ನೂ ಕೆಟ್ಟದ್ದು, ಮೂಳೆ ಕಟ್ಟಿಕೊಳ್ಳುವ ಪ್ರಯತ್ನವನ್ನೇ ಬಿಟ್ಟಿದೆ. ಸೇತುವೆ ಗಟ್ಟಿಯಾಗಿದ್ದು ಪಕ್ಕದ ಕೀಲು ಮಿನುಗಿದರೆ, ಬೆಸೆದ ಕೀಲಿನ ಕೆಲಸ ಅದರ ಮೇಲೆ ಬಿದ್ದಿದೆ ಎಂದರ್ಥ. ಕಣಕಾಲು ಬೆಸೆದವರಲ್ಲಿ ಸಬ್‌ಟೇಲರ್ ಕೀಲು ಹೀಗೆ ಸೋಲುವುದು ಮಾಮೂಲು.

ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಎಲ್ಲವೂ ಮಿನುಗುತ್ತದೆ, ಅದು ಮಾಗುವ ಲಕ್ಷಣ. ಕೃತಕ ಕಣಕಾಲು ಕೀಲಿನ ಸುತ್ತ ವರ್ಷದವರೆಗೂ ಮಿನುಗು ಇರಬಹುದು. ಅಷ್ಟರೊಳಗೆ ತೆಗೆದ ಚಿತ್ರದಿಂದ ತೀರ್ಪು ಕೊಡುವುದು ಕಷ್ಟ. ಸೋಂಕಿನ ಅನುಮಾನ ಇದ್ದರೆ ಮಾತ್ರ ಕಾಯಬಾರದು.

ಸಕ್ಕರೆ ಕಾಯಿಲೆಯವರ ಬಿಸಿ ಪಾದ

ಇಲ್ಲಿ ತಪ್ಪು ದುಬಾರಿ. ಸ್ಪರ್ಶಜ್ಞಾನ ಕಡಿಮೆಯಾದ ಪಾದ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ಬಂದರೆ ಅದು ಮೂಳೆಯ ಸೋಂಕಿರಬಹುದು, ಮೂಳೆ ಕುಸಿಯುವ ಶಾರ್ಕೋ ಪಾದವೂ ಇರಬಹುದು. ಮಾಮೂಲಿ ಬೋನ್ ಸ್ಕ್ಯಾನ್‌ನ ಮೂರೂ ಹಂತ ಎರಡರಲ್ಲೂ ಮಿನುಗುತ್ತವೆ. ಹಾಗಾಗಿ ಇಲ್ಲಿ ಆ ಸ್ಕ್ಯಾನ್ ಒಂದನ್ನೇ ನಂಬಿ ನಿರ್ಧಾರ ಮಾಡಬಾರದು. ರೋಗಿಯ ಬಿಳಿ ರಕ್ತಕಣಗಳನ್ನೇ ತೆಗೆದು, ಟೆಕ್ನೀಷಿಯಮ್ ಸೇರಿಸಿ ಮತ್ತೆ ಮೈಗೆ ಕೊಟ್ಟು ಸ್ಪೆಕ್ಟ್-ಸಿಟಿ ತೆಗೆಯುವ ದಾರಿ ಇದೆ. ಕಣಗಳು ಸೋಂಕಿದ್ದಲ್ಲಿಗೆ ಹೋಗಿ ಸೇರುತ್ತವೆ. ಸೇರಿದ್ದು ಹುಣ್ಣಿನ ಮಾಂಸದಲ್ಲೋ ಅದರ ಕೆಳಗಿನ ಮೂಳೆಯಲ್ಲೋ ಎಂಬುದನ್ನು ಸಿಟಿ ತೋರಿಸುತ್ತದೆ.

ಚರ್ಮ ಎಲ್ಲೂ ಒಡೆದಿಲ್ಲದಿದ್ದರೆ, ಕಾಲು ಎತ್ತಿ ಇಟ್ಟ ಮೇಲೆ ಕೆಂಪು ಇಳಿದರೆ ಶಾರ್ಕೋ ಕಡೆ ಒಲವು. ಹುಣ್ಣು ಇದ್ದು, ವೈದ್ಯರು ಅದರೊಳಗೆ ಇಳಿಸಿದ ಸಲಾಕೆ ಮೂಳೆಗೆ ತಾಗಿದರೆ ಸೋಂಕಿನ ಕಡೆ. ಏನೇ ಆಗಲಿ, ಸ್ಕ್ಯಾನ್ ಆಗಿ ಕಾರಣ ತಿಳಿಯುವವರೆಗೆ ಆ ಪಾದದ ಮೇಲೆ ನಡೆಯಲು ದಯವಿಟ್ಟು ಬಿಡಬೇಡಿ.

ಇಡೀ ಪಾದವೇ ಮಿನುಗಿದರೆ, ಏನೂ ಮಿನುಗದಿದ್ದರೆ

ಒಂದು ಪಾದದ ಎಲ್ಲ ಕೀಲುಗಳ ಸುತ್ತಲೂ ಸಮನಾಗಿ ಮದ್ದು ಹರಡಿದ್ದರೆ, ರೋಗಿಗೆ ಬಟ್ಟೆ ತಾಗಿದರೂ ಉರಿಯುತ್ತಿದ್ದರೆ, ಚರ್ಮದ ಬಣ್ಣ, ಬೆವರು ಬದಲಾಗಿದ್ದರೆ ಸಿಆರ್‌ಪಿಎಸ್ ಎಂಬ ನೋವಿನ ಕಾಯಿಲೆ ನೆನಪಿಗೆ ಬರಬೇಕು. ಅದನ್ನು ನಿರ್ಧರಿಸುವುದು ವೈದ್ಯರು ರೋಗಿಯನ್ನು ನೋಡಿಯೇ. ಸ್ಕ್ಯಾನ್ ಚೆನ್ನಾಗಿದೆ ಎಂದು ಅದನ್ನು ತಳ್ಳಿಹಾಕಬಾರದು. ಮಕ್ಕಳಲ್ಲಂತೂ ಮದ್ದು ಕಡಿಮೆ ಹಿಡಿಯುವುದೂ ಉಂಟು.

ಏನೂ ಮಿನುಗದ ಸ್ಕ್ಯಾನ್ ಕೂಡ ಉತ್ತರವೇ. ಮೂಳೆ, ಕೀಲು ಈ ನೋವಿಗೆ ಕಾರಣವಾಗಿರುವುದು ಕಷ್ಟ ಎಂದು ಅದು ಹೇಳುತ್ತದೆ. ಆಗ ಬೆರಳುಗಳ ನಡುವಿನ ನರದ ಗಂಟು, ಒಳಗಿಣ್ಣಿನ ಹಿಂದೆ ಒತ್ತಿಕೊಂಡ ನರ, ಸೀಳಿದ ಟೆಂಡನ್, ಸೊಂಟದಿಂದ ಇಳಿದು ಬಂದ ನೋವು, ಇವುಗಳ ಕಡೆ ತಿರುಗಿ. "ಸ್ಕ್ಯಾನ್ ನಾರ್ಮಲ್, ನಿಮಗೆ ಸುಮ್ನೆ ಹಾಗನ್ನಿಸುತ್ತಿದೆ" ಎಂದು ಯಾರಿಗೂ ಹೇಳಬೇಡಿ. ನೋವು ಸುಳ್ಳಲ್ಲ, ನಾವು ಕೇಳಿದ ಪ್ರಶ್ನೆ ತಪ್ಪಿರಬಹುದು, ಅಲ್ವಾ?

ಸ್ಕ್ಯಾನ್ ಒಳಗಿನ ದೋಷಗಳು

ಚಿತ್ರ ಓದುವ ಮೊದಲು ಚಿತ್ರ ಸರಿಯಿದೆಯಾ ನೋಡಿ. ಅತಿ ಹೆಚ್ಚು ಕಾಣುವ ದೋಷ ಕಾಲು ಕದಲುವುದು. ಸ್ಪೆಕ್ಟ್‌ಗೆ ಹದಿನೈದು ಇಪ್ಪತ್ತು ನಿಮಿಷ ಬೇಕು, ಸಿಟಿಗೆ ಕೆಲವೇ ಸೆಕೆಂಡು. ನಡುವೆ ಕಾಲು ಐದು ಮಿಲಿಮೀಟರ್ ಹೊರಳಿದರೂ ಮಿನುಗು ಪಕ್ಕದ ಮೂಳೆಯ ಮೇಲೆ ಕೂರುತ್ತದೆ. ಪರೀಕ್ಷೆ ಸುಲಭ: ಸ್ಪೆಕ್ಟ್‌ನ ಹಿನ್ನೆಲೆ ಮಸುಕಿನ ಅಂಚೂ ಸಿಟಿಯ ಚರ್ಮದ ಅಂಚೂ ಎಲ್ಲ ಕಡೆ ಹೊಂದುತ್ತವೆಯಾ ನೋಡಿ. ನೋವಿಲ್ಲದ ಪಾದವನ್ನೂ ಹೀಗೇ ನೋಡಿ. ಇಡೀ ಪಾದ ಒಂದೇ ದಿಕ್ಕಿಗೆ ಜರುಗಿದ್ದರೆ ಸಾಫ್ಟ್‌ವೇರ್‌ನಲ್ಲಿ ಕೈಯಾರೆ ಸರಿಹೊಂದಿಸಬಹುದು. ಬೆರಳು ಮಡಿಸಿದ್ದರೆ, ಕಣಕಾಲು ತಿರುಚಿದ್ದರೆ ಸರಿಹೋಗುವುದಿಲ್ಲ, ಮತ್ತೆ ತೆಗೆಯಿರಿ. ಮೊದಲೇ ಎರಡೂ ಪಾದ ಜೋಡಿಸಿ ಪಟ್ಟಿ ಕಟ್ಟಿ, ಮೊಣಕಾಲ ಕೆಳಗೆ ದಿಂಬು ಕೊಟ್ಟರೆ ಈ ಪಾಡು ಬರುವುದಿಲ್ಲ. ನೋವಿರುವವರಿಗೆ ಅಲುಗಾಡದೆ ಮಲಗುವುದೇ ಶಿಕ್ಷೆ, ಅವರನ್ನು ಬೈದು ಪ್ರಯೋಜನವಿಲ್ಲ.

ಪಾದದ ಮೇಲೆ ಎಲ್ಲೋ ಚರ್ಮದಲ್ಲಿ ಒಂದು ತೀಕ್ಷ್ಣ ಚುಕ್ಕೆ ಕಂಡರೆ, ಮೂಳೆಗೆ ಹೊಂದದಿದ್ದರೆ, ಅದು ಮೂತ್ರದ ಹನಿ ಇರಬಹುದು. ಮದ್ದು ಮೂತ್ರದಲ್ಲೇ ಹೊರಹೋಗುತ್ತದೆ. ಪಾದ ತೊಳೆಸಿ, ಕಾಲುಚೀಲ ತೆಗೆಸಿ, ಮತ್ತೆ ಒಂದು ಚಿತ್ರ ತೆಗೆದರೆ ಚುಕ್ಕೆ ಮಾಯ.

ಮೂಳೆಗಳೆಲ್ಲ ಮಂಕಾಗಿ ಕಂಡರೆ ಮದ್ದು ರಕ್ತನಾಳದಿಂದ ಹೊರಗೆ ಸೋರಿದೆಯಾ ಎಂದು ಚುಚ್ಚಿದ ಜಾಗದ ಚಿತ್ರ ತೆಗೆಯಿರಿ. ಹೊಟ್ಟೆಯ ಜಠರ, ಥೈರಾಯ್ಡ್ ಮಿನುಗಿದರೆ ಟೆಕ್ನೀಷಿಯಮ್ ಎಂಡಿಪಿಗೆ ಸರಿಯಾಗಿ ಅಂಟಿಲ್ಲ. ಕಾಲು ಊದಿದವರಲ್ಲಿ, ರಕ್ತ ಸಂಚಾರ ಕಡಿಮೆ ಇರುವವರಲ್ಲಿ ಮದ್ದು ಮೂಳೆ ತಲುಪಲು ಸಮಯ ಬೇಕು. ನಾಲ್ಕು ಗಂಟೆ ಬಿಟ್ಟು ತೆಗೆದರೆ ಚಿತ್ರ ತಿಳಿಯಾಗುತ್ತದೆ.

ಇನ್ನೊಂದು ದೋಷ ಓದುವವರದ್ದು. ಒಂದು ಜಾಗ ತುಂಬಾ ಉರಿಯುತ್ತಿದ್ದರೆ ಪರದೆಯ ಬಣ್ಣವೆಲ್ಲ ಅದಕ್ಕೇ ಹೋಗುತ್ತದೆ. ಪಕ್ಕದ ಸಣ್ಣ ಮಿನುಗು ಕಪ್ಪಿನಲ್ಲಿ ಮುಳುಗುತ್ತದೆ. ಬಣ್ಣದ ಮಟ್ಟ ಇಳಿಸಿ ಇನ್ನೊಮ್ಮೆ ನೋಡಿ. ನೋವಿಲ್ಲದ ಪಾದವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ತಿಂಗಳುಗಟ್ಟಲೆ ಕುಂಟಿದವರ ಒಳ್ಳೆಯ ಪಾದವೂ ಭಾರ ಹೊತ್ತು ಮಿನುಗಿರುತ್ತದೆ ಎಂಬುದು ನೆನಪಿರಲಿ. ಹಳೆಯ ಮುರಿತ ಒಂದೆರಡು ವರ್ಷ ಮಿನುಗಬಹುದು, ಅದನ್ನು ಹೊಸದೆಂದು ಬರೆಯುವ ಮೊದಲು ಪೆಟ್ಟು ಬಿದ್ದ ದಿನಾಂಕ ಕೇಳಿ.

ಈ ಸ್ಕ್ಯಾನ್ ಮಲಗಿಸಿ ತೆಗೆಯುವುದು. ನಿಂತಾಗ ಮಾತ್ರ ಮೂಳೆಗಳು ಒಂದಕ್ಕೊಂದು ತಾಗುವ ತೊಂದರೆಗಳಲ್ಲಿ ಅಂತರ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ನಿಂತು ತೆಗೆದ ಎಕ್ಸ್-ರೇಯನ್ನು ಪಕ್ಕದಲ್ಲಿ ಇಟ್ಟುಕೊಂಡೇ ಓದಿ.

ವಿಕಿರಣದ ಲೆಕ್ಕ

ರೋಗಿಗಳು ಕೇಳುವ ಮೊದಲ ಪ್ರಶ್ನೆಯೇ ಇದು, ಕೇಳಬೇಕಾದದ್ದೇ. 740 ಮೆಗಾಬೆಕೆರಲ್ ಮದ್ದು ಕೊಟ್ಟರೆ ಮೈಗೆ ತಾಗುವುದು ಸುಮಾರು 3ರಿಂದ 4 ಮಿಲಿಸೀವರ್ಟ್. ಭೂಮಿಯ ಮೇಲೆ ಸುಮ್ನೆ ಬದುಕಿದ್ದಕ್ಕೇ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾಗುತ್ತದೆ. ಪಾದದ ಸಿಟಿಯಿಂದ ಸೇರುವುದು ತೀರಾ ಕಡಿಮೆ, ವಿಕಿರಣಕ್ಕೆ ಬೇಗ ನಲುಗುವ ಅಂಗಗಳು ಅಲ್ಲಿಲ್ಲ. ಟೆಕ್ನೀಷಿಯಮ್ ಆರು ಗಂಟೆಗೊಮ್ಮೆ ಅರ್ಧವಾಗುತ್ತದೆ, ಒಂದು ದಿನದಲ್ಲಿ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. ಮೂತ್ರದಲ್ಲಿ ಹೋಗುವುದು ಬೇರೆ. ಮದ್ದು ಕೊಟ್ಟ ಮೇಲೆ ಚೆನ್ನಾಗಿ ನೀರು ಕುಡಿದು ಆಗಾಗ ಮೂತ್ರ ಮಾಡಿದರೆ ಚಿತ್ರವೂ ತಿಳಿಯಾಗುತ್ತದೆ. ಬಸುರಿಯಾಗಿದ್ದರೆ, ಆಗಿರಬಹುದು ಅನ್ನಿಸಿದರೂ, ಮಗುವಿಗೆ ಹಾಲೂಡಿಸುತ್ತಿದ್ದರೆ, ಮದ್ದು ಕೊಡುವ ಮೊದಲೇ ಹೇಳಬೇಕು.

ಕೊನೆಯ ಪರೀಕ್ಷೆ

ಬೆರಳೂ ಮಿನುಗೂ ಒಂದೇ ಕೀಲಿನ ಮೇಲೆ ಬಂದವು ಎನ್ನಿ. ಆಪರೇಷನ್‌ಗೆ ಹೋಗುವ ಮುಂಚೆ ಇನ್ನೊಂದು ಹೆಜ್ಜೆ ಇದೆ. ಚಿತ್ರ ನೋಡುತ್ತಾ ಆ ಒಂದೇ ಕೀಲಿನೊಳಗೆ ಮರಗಟ್ಟಿಸುವ ಮದ್ದು ಹಾಕುವುದು. ಇಲ್ಲಿ ಜನ ಮಾಡುವ ತಪ್ಪು, ಚುಚ್ಚಿಸಿಕೊಂಡು ಮನೆಗೆ ಹೋಗಿ ಮಲಗುವುದು. ಮಲಗಿದರೆ ನೋವು ಹೇಗೂ ಇರುವುದಿಲ್ಲ, ಪರೀಕ್ಷೆ ವ್ಯರ್ಥ. ಮದ್ದು ಹಾಕುವ ಮುಂಚೆ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದಿಡಿ. ಹಾಕಿದ ಅರ್ಧ ಗಂಟೆಗೆ, ವೈದ್ಯರು ಒಪ್ಪಿದರೆ, ಯಾವ ನಡಿಗೆ ನೋವು ತರಿಸುತ್ತಿತ್ತೋ ಅದನ್ನೇ ಮಾಡಿ ನೋಡಿ. ಮೆಟ್ಟಿಲು ಇಳಿಯುವುದಿರಲಿ, ಇಳಿಜಾರಿನ ನಡಿಗೆ ಇರಲಿ. ಮೊದಲ ಕೆಲವು ಗಂಟೆಯ ಅಂಕವನ್ನು ಗಂಟೆಗೊಮ್ಮೆ ಬರೆಯಿರಿ. ಐದು ಸಾಲಿನ ವರದಿ ತಂದಿದ್ದ ಆಕೆ ಬರೆದು ತಂದ ಚೀಟಿಯಲ್ಲಿ ಎಂಟು ಇದ್ದದ್ದು ಎರಡಕ್ಕೆ ಇಳಿದಿತ್ತು, ಸಂಜೆಗೆ ಮತ್ತೆ ಏಳಕ್ಕೆ ಏರಿತ್ತು. ಟೇಲಸ್ ಗಾಯದ ಆಪರೇಷನ್ ಮಾತು ಅಲ್ಲಿಗೆ ನಿಂತಿತು. ಮುಂದಿನ ಚಿಕಿತ್ಸೆಯೆಲ್ಲ ಸಬ್‌ಟೇಲರ್ ಕೀಲಿಗೇ ನಡೆಯಿತು.